ಪಿಕಪ್ಪಿನ ಕಿಡಿ ಎಲ್ಲಿ ತಪ್ಪಿತು?



ಹತ್ತನೆಯ ತರಗತಿಯ ಭೌತಶಾಸ್ತ್ರದಲ್ಲಿ ‘ವಿದ್ಯುತ್ಕಾಂತೀಯ ಪ್ರೇರಣೆ’ ಎಂಬ ಪಾಠವಿದೆಯಷ್ಟೆ. ತಂತಿಯ ಸುರುಳಿಯೊಳಗೆ ಕಾಂತವನ್ನು ತೂರಿಸಿ ಹೊರಗೆಳೆದರೆ ಗ್ಯಾಲ್ವನಾಮೀಟರಿನ ಮುಳ್ಳು ಅಲುಗುತ್ತದೆ ಎಂದು ಅಲ್ಲಿ ಓದುತ್ತೇವೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಪಡೆದ ಮೇಲೆ ಅದನ್ನು ಮರೆತುಬಿಡುವವರೇ ಹೆಚ್ಚು. ಆದರೆ ಅದೇ ಪಾಠವು ತೋಟದ ಶೆಡ್ಡಿನಲ್ಲಿ ನಿಂತಿರುವ ಹಳೆಯ ಪೆಟ್ರೋಲ್ ಪಿಕಪ್ಪಿನ ಬಾನೆಟ್ಟಿನಡಿಯಲ್ಲಿ, ಮುಷ್ಟಿಯಲ್ಲಿ ಹಿಡಿಯಬಹುದಾದ ಒಂದು ಡಬ್ಬಿಯೊಳಗೆ ಕುಳಿತು ಕೆಲಸ ಮಾಡುತ್ತಿರುತ್ತದೆ. ಗಾಡಿ ಹೊರಡದೆ ನಿಂತ ದಿನ, ಪಾಠವನ್ನು ನೆನಪಿಟ್ಟವನಿಗೂ ಮರೆತವನಿಗೂ ಇರುವ ವ್ಯತ್ಯಾಸ ಕಾಣಿಸುತ್ತದೆ. ಮರೆತವನು ಅಂಗಡಿಗೆ ಹೋಗಿ ಒಂದೊಂದೇ ಹೊಸ ಸಾಮಾನು ತರುತ್ತಾನೆ. ನೆನಪಿಟ್ಟವನು ಒಂದು ಸಣ್ಣ ಬಲ್ಬನ್ನು ಕೈಯಲ್ಲಿ ಹಿಡಿದುಕೊಂಡು ಕಿಡಿಯ ದಾರಿಯನ್ನು ಹುಡುಕುತ್ತಾ ಹೋಗುತ್ತಾನೆ.

ಮೊದಲಿಗೆ ಯಾವ ಗಾಡಿಯ ವಿಚಾರ ಎಂಬುದನ್ನು ಹೇಳಿಬಿಡಬೇಕು. ಇಂದು ನಮ್ಮ ಕಾಸರಗೋಡು, ಬದಿಯಡ್ಕ, ಮುಳ್ಳೇರಿಯ ಕಡೆಯ ರಸ್ತೆಗಳಲ್ಲಿ ಅಡಕೆ ಮೂಟೆ, ಗೊಬ್ಬರ, ಕೆಂಪುಕಲ್ಲು ಹೊತ್ತು ಓಡುವ ಪಿಕಪ್ಪುಗಳಲ್ಲಿ ಹೆಚ್ಚಿನವು ಡೀಸೆಲ್ ಗಾಡಿಗಳು. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಬಿಸಿಯಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದುದರಿಂದ ಮುಂದೆ ಹೇಳುವುದಾವುದೂ ಆ ಗಾಡಿಗಳಿಗೆ ಅನ್ವಯಿಸದು. ನಾನು ಉದಾಹರಣೆಗೆ ತೆಗೆದುಕೊಳ್ಳುವುದು ಜೀಪಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಕೂರಿಸಿದ ಹಳೆಯ ಪಿಕಪ್ಪನ್ನು. ಅಮೆರಿಕದ ವಿಲ್ಲೀಸ್ ಕಂಪೆನಿಯು 1947ರಿಂದ 1965ರ ವರೆಗೆ ಇಂಥ ಪಿಕಪ್ ಗಾಡಿಗಳನ್ನು ತಯಾರಿಸಿತು. ಅದೇ ಮನೆತನದ ‘ಹರಿಕೇನ್’ ಎಂಜಿನ್ನು ನಮ್ಮ ದೇಶದ ಮಹೀಂದ್ರ ಜೀಪುಗಳಲ್ಲಿಯೂ ಬಹುಕಾಲ ಇತ್ತು. 2199 ಘನ ಸೆಂಟಿಮೀಟರಿನ ಈ ಎಂಜಿನ್ನನ್ನು ಮಲೆನಾಡಿನ ತೋಟಗಳ ಹಳಬರು ಇಂದಿಗೂ ಗುರುತಿಸುತ್ತಾರೆ. ಇದರಲ್ಲಿ ಕಂಪ್ಯೂಟರು ಇಲ್ಲ, ಸೆನ್ಸರು ಇಲ್ಲ. ಎಲ್ಲವೂ ಕಣ್ಣಿಗೆ ಕಾಣುವಂಥದು, ಕೈಗೆ ಸಿಕ್ಕುವಂಥದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗುವುದು ಕಷ್ಟ.

ಪೆಟ್ರೋಲ್ ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಒತ್ತಿ ಮುಗಿಯುವ ಹೊತ್ತಿಗೆ ಸರಿಯಾಗಿ ಪ್ಲಗ್ಗಿನ ತುದಿಯಲ್ಲಿ ಒಂದು ಕಿಡಿ ಹಾರಬೇಕು. ಪ್ಲಗ್ಗಿನ ಎರಡು ತುದಿಗಳ ನಡುವಿನ ಅಂತರ ಸುಮಾರು 0.75 ಮಿಲಿಮೀಟರ್, ಎಂದರೆ ಒಂದು ಇಂಚಿನ ಸಾವಿರದಲ್ಲಿ 30 ಪಾಲು. ಇಷ್ಟು ಸಣ್ಣ ಅಂತರವಾದರೂ ಒತ್ತಿದ ಗಾಳಿಯಲ್ಲಿ ವಿದ್ಯುತ್ತು ಅದನ್ನು ದಾಟಲು ಹಲವು ಸಾವಿರ ವೋಲ್ಟು ಬೇಕಾಗುತ್ತದೆ. ನಮ್ಮ ಬ್ಯಾಟರಿಯಲ್ಲಿರುವುದಾದರೋ ಬರೇ 12 ವೋಲ್ಟು. ಹನ್ನೆರಡನ್ನು ಇಪ್ಪತ್ತು ಸಾವಿರ ಮಾಡುವ ಉಪಾಯವೇ ಈ ಇಡೀ ವ್ಯವಸ್ಥೆಯ ಜೀವಾಳ.

ಮೈಕೆಲ್ ಫ್ಯಾರಡೆ ಪ್ರೇರಣೆಯ ತತ್ತ್ವವನ್ನು ಕಂಡುಹಿಡಿದುದು 1831ರಲ್ಲಿ. ಐದು ವರ್ಷ ಕಳೆದು, 1836ರಲ್ಲಿ, ಐರ್ಲೆಂಡಿನ ಪಾದ್ರಿ ನಿಕೊಲಸ್ ಕ್ಯಾಲನ್ ಎಂಬವರು ಎರಡು ಸುರುಳಿಗಳ ಪ್ರೇರಣಾ ಯಂತ್ರವನ್ನು ಮಾಡಿದರು. ಆಗ ಮೋಟಾರು ಗಾಡಿಯೇ ಇರಲಿಲ್ಲ. ಮುಂದೆ 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅದನ್ನು ಬ್ಯಾಟರಿಗೆ ಜೋಡಿಸಿ ಕ್ಯಾಡಿಲಾಕ್ ಕಾರಿಗೆ ಒದಗಿಸಿದರು. ಅವರು ಹಾಕಿಕೊಟ್ಟ ಕ್ರಮವೇ ಸ್ವಲ್ಪ ತಿದ್ದುಪಡಿಗಳೊಂದಿಗೆ ಸುಮಾರು ಅರುವತ್ತು ವರ್ಷ ಜಗತ್ತಿನ ಹೆಚ್ಚಿನ ಪೆಟ್ರೋಲ್ ಗಾಡಿಗಳನ್ನು ಓಡಿಸಿತು.

ಈಗ ಆ ಡಬ್ಬಿಯೊಳಗೆ ನೋಡೋಣ. ಗ್ಯಾರೇಜಿನಲ್ಲಿ ಅದನ್ನು ‘ಕಾಯಿಲ್’ ಎನ್ನುತ್ತಾರೆ. ಮಧ್ಯದಲ್ಲಿ ಮೆದುಕಬ್ಬಿಣದ ತಿರುಳು. ಅದರ ಸುತ್ತ ಎರಡು ಸುರುಳಿಗಳು. ಒಂದು ದಪ್ಪ ತಂತಿಯ ಪ್ರಾಥಮಿಕ ಸುರುಳಿ, ಸುಮಾರು ಇನ್ನೂರರಿಂದ ಮುನ್ನೂರು ಸುತ್ತು. ಇನ್ನೊಂದು ಕೂದಲಿನಷ್ಟು ಸಪೂರ ತಂತಿಯ ದ್ವಿತೀಯಕ ಸುರುಳಿ, ಸುಮಾರು ಇಪ್ಪತ್ತು ಸಾವಿರ ಸುತ್ತು. ಲೆಕ್ಕದಲ್ಲಿ ಚುರುಕಾದ ಹುಡುಗರು ಇಲ್ಲಿಯೇ ಒಂದು ಪ್ರಶ್ನೆ ಕೇಳಬೇಕು. ಸುತ್ತುಗಳ ಪ್ರಮಾಣ ಒಂದಕ್ಕೆ ನೂರರಷ್ಟು ಎಂದಿಟ್ಟುಕೊಂಡರೂ 12 ವೋಲ್ಟನ್ನು ನೂರರಿಂದ ಗುಣಿಸಿದರೆ 1200 ಮಾತ್ರ ಆಯಿತು. ಇಪ್ಪತ್ತು ಸಾವಿರ ಎಲ್ಲಿಂದ ಬಂತು? ಉತ್ತರವು ಪಾಠದಲ್ಲಿಯೇ ಇದೆ. ಪ್ರೇರಿತ ವೋಲ್ಟೇಜು ಕಾಂತಕ್ಷೇತ್ರದ ಗಾತ್ರವನ್ನಲ್ಲ, ಅದು ಬದಲಾಗುವ ವೇಗವನ್ನು ಅವಲಂಬಿಸಿದೆ. ಪ್ರಾಥಮಿಕ ಸುರುಳಿಯಲ್ಲಿ ಹರಿಯುತ್ತಿರುವ ಮೂರು ನಾಲ್ಕು ಆಂಪಿಯರ್ ಪ್ರವಾಹವನ್ನು ತಟಕ್ಕನೆ ಕಡಿದುಬಿಟ್ಟರೆ ಕಾಂತಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ. ಆ ಕುಸಿತದಿಂದ ಪ್ರಾಥಮಿಕ ಸುರುಳಿಯಲ್ಲಿಯೇ ಇನ್ನೂರು ಮುನ್ನೂರು ವೋಲ್ಟು ಏಳುತ್ತದೆ. ಅದನ್ನು ನೂರರಿಂದ ಗುಣಿಸಿ ನೋಡಿ. ಕಿಡಿ ಹುಟ್ಟುವುದು ವಿದ್ಯುತ್ತನ್ನು ಕೊಟ್ಟಾಗ ಅಲ್ಲ, ನಿಲ್ಲಿಸಿದಾಗ. ಈ ಒಂದು ಮಾತು ತಲೆಯಲ್ಲಿ ಕುಳಿತರೆ ಮಿಕ್ಕ ದುರಸ್ತಿಯೆಲ್ಲ ಸುಲಭ.

ಹೀಗೆ ಕಡಿಯುವ ಕೆಲಸ ‘ಪಾಯಿಂಟ್’ ಎಂಬ ಭಾಗದ್ದು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಟಂಗ್‌ಸ್ಟನ್ನಿನ ಎರಡು ಗುಂಡಿಗಳು ಒಂದನ್ನೊಂದು ಮುಟ್ಟಿಕೊಂಡಿರುವುದು ಕಾಣುತ್ತದೆ. ನಡುವಿನ ದಂಡಕ್ಕೆ ನಾಲ್ಕು ಮೂಲೆಯ ಕ್ಯಾಮ್ ಇದೆ. ದಂಡ ತಿರುಗಿದಾಗ ಪ್ರತಿಯೊಂದು ಮೂಲೆಯೂ ಪಾಯಿಂಟಿನ ಕಾಲನ್ನು ತಳ್ಳಿ ಗುಂಡಿಗಳನ್ನು ಬೇರ್ಪಡಿಸುತ್ತದೆ. ಆಗ ಒಂದು ಕಿಡಿ. ದಂಡದ ತಲೆಯ ಮೇಲಿರುವ ‘ರೋಟರ್’ ಆ ಕಿಡಿಯನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ. ನಮ್ಮ ಜೀಪ್ ಎಂಜಿನ್ನಿನಲ್ಲಿ ಸರದಿ 1, 3, 4, 2. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರಿನ ದಂಡ 1500 ಸುತ್ತು ತಿರುಗುತ್ತದೆ. ಸುತ್ತಿಗೆ ನಾಲ್ಕರಂತೆ ನಿಮಿಷಕ್ಕೆ 6000 ಕಿಡಿ, ಸೆಕೆಂಡಿಗೆ ನೂರು. ಒಂದು ಸೆಕೆಂಡಿನಲ್ಲಿ ನೂರು ಬಾರಿ ಮುಟ್ಟಿ ನೂರು ಬಾರಿ ಬಿಡುವ ಈ ಬಡ ಗುಂಡಿಗಳು ಸವೆಯದೆ ಇನ್ನೇನು ಮಾಡಿಯಾವು?

ಪಾಯಿಂಟಿನ ಪಕ್ಕದಲ್ಲಿ ಬೆರಳಿನ ತುದಿಯಷ್ಟು ದಪ್ಪದ ‘ಕಂಡೆನ್ಸರ್’ ಇರುತ್ತದೆ. ಪುಸ್ತಕದಲ್ಲಿ ಇದನ್ನೇ ಧಾರಕ ಎಂದಿದ್ದಾರೆ. ಇದರ ಸಾಮರ್ಥ್ಯ ಸುಮಾರು 0.2 ಮೈಕ್ರೋಫ್ಯಾರಡ್ ಅಷ್ಟೆ. ಗುಂಡಿಗಳು ಬೇರ್ಪಡುವಾಗ ಅವುಗಳ ನಡುವೆ ವಿದ್ಯುತ್ತು ಹಾರಲು ನೋಡುತ್ತದೆ. ಹಾಗೆ ಹಾರಿದರೆ ಪ್ರವಾಹವು ತಟಕ್ಕನೆ ಕಡಿಯದೆ ಎಳೆದುಕೊಂಡು ಕಡಿಯುತ್ತದೆ. ಗುಂಡಿಗಳೂ ಸುಡುತ್ತವೆ, ಪ್ಲಗ್ಗಿನ ಕಿಡಿಯೂ ಸೊರಗುತ್ತದೆ. ಆ ಕ್ಷಣದ ವಿದ್ಯುತ್ತನ್ನು ತನ್ನೊಳಗೆ ಎಳೆದುಕೊಂಡು ಕಡಿತವನ್ನು ಚೊಕ್ಕಟಗೊಳಿಸುವುದು ಕಂಡೆನ್ಸರಿನ ಕೆಲಸ. ಅತಿ ಅಗ್ಗದ ಸಾಮಾನು, ಆದರೆ ಅದು ಕೆಟ್ಟರೆ ಗಾಡಿ ಹೊರಡದು.

ಇನ್ನು ದೋಷ ಹುಡುಕುವ ವಿಚಾರಕ್ಕೆ ಬರೋಣ. ಗಾಡಿ ಸ್ಟಾರ್ಟ್ ಆಗದಿದ್ದರೆ ಪಾನಾ ಕೈಗೆತ್ತಿಕೊಳ್ಳುವ ಮೊದಲು ಕಿವಿಯನ್ನೂ ಮೂಗನ್ನೂ ಉಪಯೋಗಿಸಬೇಕು. ಸ್ಟಾರ್ಟರು ಎಂಜಿನ್ನನ್ನು ತಿರುಗಿಸುತ್ತಲೇ ಇಲ್ಲವೋ, ಆಗ ಕಿಡಿಯ ಮಾತು ಬಿಟ್ಟು ಬ್ಯಾಟರಿಯನ್ನೂ ಅದರ ತುದಿಗಳನ್ನೂ ನೋಡಿ. ಸಮುದ್ರ ಹತ್ತಿರವಿರುವ ನಮ್ಮ ಊರುಗಳಲ್ಲಿ ಉಪ್ಪುಗಾಳಿಗೆ ತಾಮ್ರದ ತುದಿಗಳು ಹಸಿರು ಕಟ್ಟುವುದು ಬಹಳ ಬೇಗ. ಬ್ಯಾಟರಿಯ ತುದಿಯನ್ನು ಕಳಚಿ, ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಗಿದರೆ ಅರ್ಧಕ್ಕರ್ಧ ದೂರುಗಳು ಅಲ್ಲಿಯೇ ಮುಗಿಯುತ್ತವೆ. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಎರಡೇ ಕಾರಣ: ಪೆಟ್ರೋಲು ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿದ್ದರೆ ಸಂಶಯವನ್ನು ಕಿಡಿಯ ಕಡೆಗೆ ತಿರುಗಿಸಬಹುದು. ಆದರೆ ಆ ವಾಸನೆ ಆರುವ ತನಕ ಯಾವ ಕಿಡಿಯನ್ನೂ ಹಾರಿಸಿ ನೋಡಬಾರದು. ಬಾನೆಟ್ ತೆರೆದಿಟ್ಟು, ಸೋರಿದ ಪೆಟ್ರೋಲನ್ನು ಒರೆಸಿ, ಸ್ವಲ್ಪ ಹೊತ್ತು ಕಾಯಬೇಕು. ಬೀಡಿ ಸೇದುವವರನ್ನು ದೂರ ಕಳುಹಿಸಬೇಕು, ಅವರು ಮನೆಯ ಹಿರಿಯರೇ ಆಗಿದ್ದರೂ ಸರಿ.

ಕಿಡಿಯ ದಾರಿಯಲ್ಲಿ ಬ್ಯಾಟರಿ, ಕೀಲಿಯ ಸ್ವಿಚ್ಚು, ಕಾಯಿಲ್, ಪಾಯಿಂಟು, ಕಂಡೆನ್ಸರ್, ಮುಚ್ಚಳ, ರೋಟರ್, ದಪ್ಪ ವಯರುಗಳು, ಪ್ಲಗ್ಗುಗಳು ಎಂದು ಅನೇಕ ಠಾಣೆಗಳಿವೆ. ಒಂದು ಕೊನೆಯಿಂದ ಹೊರಟರೆ ಇನ್ನೊಂದು ಕೊನೆ ಮುಟ್ಟುವಾಗ ಹೊತ್ತು ಮುಳುಗೀತು. ಜಾಣತನವೆಂದರೆ ದಾರಿಯನ್ನು ನಡುವಿನಲ್ಲಿ ಕಡಿದು ನೋಡುವುದು. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿಗೆ ಬರುವ ದಪ್ಪ ವಯರನ್ನು ಮುಚ್ಚಳದಿಂದ ಎಳೆದು, ಅದರ ತುದಿಯನ್ನು ಎಂಜಿನ್ನಿನ ಬರಿಯ ಲೋಹದಿಂದ ಸುಮಾರು 6 ಮಿಲಿಮೀಟರ್ ದೂರದಲ್ಲಿ ಹಿಡಿಯಬೇಕು. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ವಯರನ್ನು ಬರಿಗೈಯಲ್ಲಿ ಹಿಡಿಯದೆ ಒಣಗಿದ ಮರದ ಬಟ್ಟೆ ಕ್ಲಿಪ್ಪಿನಲ್ಲಿಯೋ ರಬ್ಬರು ಹಿಡಿಯ ಇಕ್ಕುಳದಲ್ಲಿಯೋ ಹಿಡಿಯಿರಿ. ಕಾರ್ಬುರೇಟರಿನ ಹತ್ತಿರ ಖಂಡಿತ ಬೇಡ. ಇನ್ನೊಬ್ಬರು ಸ್ಟಾರ್ಟರನ್ನು ತಿರುಗಿಸಲಿ. ನೀಲಿ ಬಣ್ಣದ, ಚಟ್ ಚಟ್ ಎಂದು ಸದ್ದು ಮಾಡುವ ಕಿಡಿ ಹಾರಿದರೆ ಕಾಯಿಲ್ ಮತ್ತು ಅದರ ಹಿಂದಿನದೆಲ್ಲ ಸರಿಯಿದೆ; ದೋಷ ಮುಚ್ಚಳ, ರೋಟರ್, ವಯರು, ಪ್ಲಗ್ಗುಗಳಲ್ಲಿ. ಹಾರದಿದ್ದರೆ, ಅಥವಾ ಹಳದಿಯಾಗಿ ಸೊರಗಿ ಹಾರಿದರೆ, ಪ್ಲಗ್ಗನ್ನು ಮುಟ್ಟುವುದೇ ಬೇಡ, ದೋಷ ಈಚೆಗಿದೆ. ಒಂದು ನಿಮಿಷದಲ್ಲಿ ಅರ್ಧ ದಾರಿ ಕಡಿಮೆಯಾಯಿತು.

ಪ್ಲಗ್ಗನ್ನು ಬಿಚ್ಚಿ ಎಂಜಿನ್ನಿನ ಮೇಲಿಟ್ಟು ಕಿಡಿ ನೋಡುವ ಪದ್ಧತಿಯೂ ಇದೆ. ಅದು ತಪ್ಪಲ್ಲವಾದರೂ ಪೂರ್ತಿ ನಂಬತಕ್ಕದ್ದಲ್ಲ. ತೆರೆದ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟಲು ಸುಮಾರು ಮೂರು ಸಾವಿರ ವೋಲ್ಟು ಸಾಕು. ಸಿಲಿಂಡರಿನೊಳಗೆ ಒತ್ತಿದ ಗಾಳಿಯಲ್ಲಿ ಅದರ ಹಲವು ಪಾಲು ಬೇಕು. ಹೊರಗೆ ಕಿಡಿ ತೋರಿಸುವ ಬಡಕಲು ಕಾಯಿಲ್ ಒಳಗೆ ಸೋತುಬಿಡಬಹುದು. 6 ಮಿಲಿಮೀಟರಿನ ಅಂತರ ಇಟ್ಟು ನೋಡಬೇಕೆನ್ನುವುದು ಇದಕ್ಕಾಗಿಯೇ.

ಈಚೆಗಿನ ಅರ್ಧವನ್ನು ಪರೀಕ್ಷಿಸಲು ಬೇಕಾದುದು ಒಂದು ಟೆಸ್ಟ್ ಲ್ಯಾಂಪ್ ಮಾತ್ರ. ಗಾಡಿಯ 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವಯರು ಬೆಸೆದರೆ ಆಯಿತು. ಒಂದು ತುದಿಯನ್ನು ಗಾಡಿಯ ಲೋಹಕ್ಕೆ ಸಿಕ್ಕಿಸಿ, ಕೀಲಿ ತಿರುಗಿಸಿ, ಇನ್ನೊಂದು ತುದಿಯನ್ನು ಕಾಯಿಲ್‌ನ ಬ್ಯಾಟರಿ ಬದಿಯ ತಿರುಪಿಗೆ ಮುಟ್ಟಿಸಿ. ಬಲ್ಬು ಉರಿಯದಿದ್ದರೆ ವಿದ್ಯುತ್ತು ಕಾಯಿಲ್‌ವರೆಗೇ ಬಂದಿಲ್ಲ. ಸ್ವಿಚ್ಚನ್ನೂ ಅದರ ವಯರನ್ನೂ ನೋಡಬೇಕು. ಉರಿದರೆ, ಈಗ ಕಾಯಿಲ್‌ನ ಇನ್ನೊಂದು ತಿರುಪಿಗೆ, ಎಂದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಬದಿಗೆ ಮುಟ್ಟಿಸಿ ಎಂಜಿನ್ನನ್ನು ತಿರುಗಿಸಿ. ಬಲ್ಬು ಮಿಣಮಿಣ ಮಿನುಗಿದರೆ ಪಾಯಿಂಟು ಮುಟ್ಟುತ್ತಾ ಬಿಡುತ್ತಾ ಇದೆ ಎಂದರ್ಥ. ಒಂದೇ ಸಮನೆ ಉರಿದರೆ ಪಾಯಿಂಟು ಮುಟ್ಟುತ್ತಲೇ ಇಲ್ಲ: ಗುಂಡಿಗಳಲ್ಲಿ ಕೊಳೆ ಕೂತಿದೆ, ಅಥವಾ ಅಲ್ಲಿಗೆ ಹೋಗುವ ವಯರು ತುಂಡಾಗಿದೆ. ಉರಿಯಲೇ ಇಲ್ಲವೆಂದರೆ ಡಿಸ್ಟ್ರಿಬ್ಯೂಟರಿನ ವಯರನ್ನು ಕಾಯಿಲ್‌ನಿಂದ ಕಳಚಿ ಪುನಃ ಮುಟ್ಟಿಸಿ ನೋಡಿ. ಈಗ ಉರಿದರೆ ಡಿಸ್ಟ್ರಿಬ್ಯೂಟರಿನೊಳಗೆ ಎಲ್ಲಿಯೋ ಲೋಹಕ್ಕೆ ತಾಗಿದೆ, ಹೆಚ್ಚಾಗಿ ಕೆಟ್ಟ ಕಂಡೆನ್ಸರಿನಲ್ಲಿ. ಆಗಲೂ ಉರಿಯದಿದ್ದರೆ ಮಾತ್ರ ಕಾಯಿಲ್‌ನೊಳಗಿನ ಪ್ರಾಥಮಿಕ ಸುರುಳಿ ಕಡಿದಿದೆ. ಕಾಯಿಲ್ ಕೊಳ್ಳಲು ಪೇಟೆಗೆ ಹೊರಡಬೇಕಾದುದು ಈ ಹಂತದಲ್ಲಿ, ಇದಕ್ಕಿಂತ ಮೊದಲಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ನೆರೆಯ ಅಡಕೆ ಕೃಷಿಕರೊಬ್ಬರ ಪಿಕಪ್ಪು ಏರುದಾರಿಯಲ್ಲಿ, ಮೂಟೆ ತುಂಬಿರುವಾಗಲೇ, ಪದೇ ಪದೇ ಆಫ್ ಆಗುತ್ತಿತ್ತು. ಹಿಂದಕ್ಕೆ ಜಾರುವ ಗಾಡಿಯ ಚಕ್ರಕ್ಕೆ ಕಲ್ಲು ಕೊಡಲು ಹಾರಿದ ಆಳಿನ ಕಾಲು ಒಮ್ಮೆ ಸ್ವಲ್ಪದರಲ್ಲಿ ಉಳಿಯಿತು. ಒಂದು ಗ್ಯಾರೇಜಿನವರು ಮೊದಲು ನಾಲ್ಕು ಪ್ಲಗ್ಗು ಬದಲಿಸಿದರು, ಆಮೇಲೆ ಕಾಯಿಲ್, ಅದರ ಮೇಲೆ ಹೊಸ ಬ್ಯಾಟರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಮೂಗಿಗಿಂತ ಮೂಗುತಿ ಭಾರವೆಂದು ಅವರು ಗಾಡಿಯನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದಾಗ, ನಮ್ಮ ಶಾಲೆಯಲ್ಲಿ ಓದಿ ಐ.ಟಿ.ಐ. ಸೇರಿದ್ದ ಹುಡುಗನೊಬ್ಬ ರಜೆಯಲ್ಲಿ ಊರಿಗೆ ಬಂದಿದ್ದವನು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ. ಕಾಯಿಲ್‌ನ ಎರಡನೆಯ ತಿರುಪಿನಲ್ಲಿ ಬಲ್ಬು ಮಿನುಗದೆ ಒಂದೇ ಸಮನೆ ಉರಿಯುತ್ತಿತ್ತು. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟಿಗೆ ಹೋಗುವ ಸಪೂರ ವಯರನ್ನು ಬೆರಳಿನಿಂದ ಅಲುಗಿಸಿದರೆ ಒಮ್ಮೆ ಆರುತ್ತದೆ, ಒಮ್ಮೆ ಉರಿಯುತ್ತದೆ. ಹೊರಗಿನ ಹೊದಿಕೆ ನೆಟ್ಟಗಿತ್ತು. ಒಳಗಿನ ಎಳೆಗಳು ತುಂಡಾಗಿದ್ದುವು. ಎಂಜಿನ್ ಹೆಚ್ಚು ಅದುರಿದಾಗಲೆಲ್ಲ ತುದಿಗಳು ಬಿಟ್ಟುಹೋಗುತ್ತಿದ್ದುವು.

“ಮಾವ, ಹೊಸತೇನೂ ತರುವುದು ಬೇಡ. ಅರ್ಧ ಗೇಣು ಮೆದು ವಯರು ಸಾಕು” ಎಂದ.

“ಅಷ್ಟೇಯೋ? ಮತ್ತೆ ಆ ಬ್ಯಾಟರಿ?”

“ಅದು ಇರಲಿ, ಮಾವ. ಹಳೆಯದೂ ಒಳ್ಳೆಯದೇ ಇತ್ತು.”

ಇಂಥ ಮಾತು ಕೇಳಿದಾಗ ಯಾರಿಗೂ ಸಂತೋಷಕ್ಕಿಂತ ಹೊಟ್ಟೆಯುರಿಯೇ ಹೆಚ್ಚಾದೀತು. ಗ್ಯಾರೇಜಿನವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಹಲವರು ಪರೀಕ್ಷಿಸುವ ಕ್ರಮವನ್ನು ಯಾರಿಂದಲೂ ಕಲಿತಿರುವುದಿಲ್ಲ. ಹಿಂದಿನ ಸಲ ಯಾವುದರಿಂದ ಸರಿಯಾಯಿತೋ ಅದನ್ನೇ ಈ ಸಲವೂ ಬದಲಿಸುತ್ತಾರೆ. ಹೆತ್ತವರು ಮಾಡಬಹುದಾದ ಒಂದು ಕೆಲಸವಿದೆ. ಸಾಮಾನು ಬದಲಿಸುವ ಮೊದಲು, ‘ಅದು ಕೆಟ್ಟಿದೆಯೆಂದು ಹೇಗೆ ಗೊತ್ತಾಯಿತು?’ ಎಂದು ಸಮಾಧಾನದಿಂದ ಕೇಳಿ. ಬಲ್ಲ ಕೆಲಸಗಾರನಿಗೆ ಈ ಪ್ರಶ್ನೆಯಿಂದ ಕೋಪ ಬರುವುದಿಲ್ಲ.

ಪಾಯಿಂಟನ್ನು ಸರಿಪಡಿಸುವ ಕ್ರಮ ಹೀಗೆ. ಕೀಲಿ ಆಫ್ ಮಾಡಿ, ಮುಚ್ಚಳದ ಎರಡು ಕ್ಲಿಪ್ಪು ಬಿಡಿಸಿ, ರೋಟರನ್ನು ಮೇಲಕ್ಕೆತ್ತಿ ತೆಗೆಯಿರಿ. ಗುಂಡಿಗಳ ಮುಖವನ್ನು ನೋಡಿ. ಬೂದುಬಣ್ಣವಾಗಿದ್ದರೆ ಚಿಂತೆಯಿಲ್ಲ. ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು ಎದ್ದಿದ್ದರೆ ಲೋಹವು ಒಂದರಿಂದ ಇನ್ನೊಂದಕ್ಕೆ ಸಾಗಿದೆ. ಅದಕ್ಕೆ ಕಂಡೆನ್ಸರಿನ ಮೇಲೆ ಸಂಶಯಪಡಬೇಕು. ಸುಟ್ಟು ನೀಲಿಗಟ್ಟಿದ್ದರೆ ಹೊಸದು ಹಾಕುವುದೇ ಲೇಸು. ಸ್ವಲ್ಪ ಒರಟಾಗಿದ್ದರೆ ನಯವಾದ ಪಾಯಿಂಟ್ ಅರದಿಂದ ಒಂದೆರಡು ಸಲ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಚೊಕ್ಕ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು. ಉಪ್ಪುಕಾಗದ ಹಾಕಿ ತಿಕ್ಕುವ ರೂಢಿಯಿದೆ. ಕಾಗದದ ಹರಳುಗಳು ಲೋಹದಲ್ಲಿ ಹೂತು ಕುಳಿತು ಮತ್ತೆ ಸುಡುವುದಕ್ಕೆ ಕಾರಣವಾಗುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ.

ಬಳಿಕ ಅಂತರ. ಎಂಜಿನ್ನನ್ನು ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಿ, ಕ್ಯಾಮಿನ ಮೂಲೆಯ ನೆತ್ತಿ ಪಾಯಿಂಟಿನ ಕಾಲಿಗೆ ಸರಿಯಾಗಿ ತಾಗುವಂತೆ ನಿಲ್ಲಿಸಿ. ಗುಂಡಿಗಳು ಅತಿ ಹೆಚ್ಚು ತೆರೆದಿರುವುದು ಆಗಲೇ. ಈ ಎಂಜಿನ್ನಿಗೆ ಅಂತರ ಒಂದು ಇಂಚಿನ ಸಾವಿರದಲ್ಲಿ 20 ಪಾಲು, ಸುಮಾರು 0.5 ಮಿಲಿಮೀಟರ್. ಬಿಗಿಯುವ ತಿರುಪನ್ನು ಸಡಿಲಿಸಿ, ಫೀಲರ್ ಗೇಜಿನ ಎಲೆಯನ್ನು ನಡುವೆ ಇಟ್ಟು, ಎಲೆ ತುಸು ತಡೆದು ಜಾರುವಂತೆ ಹೊಂದಿಸಿ, ತಿರುಪನ್ನು ಬಿಗಿಯಿರಿ. ಬಿಗಿಯುವಾಗ ಅಂತರ ಮತ್ತೆ ಸರಿದುಬಿಡುವುದು ಸಾಮಾನ್ಯ; ಬಿಗಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು. ಫೀಲರ್ ಗೇಜ್ ಇಲ್ಲದ ಕಡೆ ಹ್ಯಾಕ್‌ಸಾ ಬ್ಲೇಡು ಇಟ್ಟು ಅಂದಾಜು ಮಾಡುವವರಿದ್ದಾರೆ. ಬ್ಲೇಡಿನ ದಪ್ಪ ಸಾವಿರದಲ್ಲಿ 25 ಪಾಲಿನಷ್ಟಿರುವುದರಿಂದ ಅದು ಮನೆ ಮುಟ್ಟುವುದಕ್ಕೆ ಮಾತ್ರ.

ಅಂತರಕ್ಕೆ ಇಷ್ಟು ಮಹತ್ತ್ವವೇಕೆ? ಅಂತರ ಹೆಚ್ಚಾದರೆ ಗುಂಡಿಗಳು ಮುಟ್ಟಿಕೊಂಡಿರುವ ಕಾಲ ಕಡಿಮೆಯಾಗಿ ಕಾಯಿಲ್‌ನಲ್ಲಿ ಕಾಂತಕ್ಷೇತ್ರ ತುಂಬಲು ಪುರಸೊತ್ತು ಸಿಗದು. ವೇಗ ಹೆಚ್ಚಿದಂತೆ ಎಂಜಿನ್ ಮುಗ್ಗರಿಸುತ್ತದೆ. ಅಂತರ ಕಡಿಮೆಯಾದರೆ ಗುಂಡಿಗಳು ತಡವಾಗಿ ತೆರೆದು ಕಿಡಿಯೂ ತಡವಾಗುತ್ತದೆ. ಗಾಡಿ ಏರು ಹತ್ತುವಾಗ ಸೊರಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಪಾಯಿಂಟಿನ ಕಾಲು ದಿನ ಹೋದಂತೆ ಸವೆಯುವುದರಿಂದ ಅಂತರ ತಾನಾಗಿ ಕಡಿಮೆಯಾಗುತ್ತಲೇ ಇರುತ್ತದೆ. ಕ್ಯಾಮಿಗೆ ಗ್ರೀಸು ಸವರಿದರೆ ಸವೆತ ನಿಧಾನ. ಬೆಂಕಿಕಡ್ಡಿಯ ತಲೆಯಷ್ಟು ಸಾಕು, ಹೆಚ್ಚಾದುದು ಗುಂಡಿಗಳ ಮೇಲೆ ಸಿಡಿಯುತ್ತದೆ.

ಅಂತರ ಬದಲಾದರೆ ಕಿಡಿಯ ಸಮಯವೂ ಬದಲಾಗುವುದರಿಂದ ಪಾಯಿಂಟು ಕೂರಿಸಿದ ಮೇಲೆ ಟೈಮಿಂಗ್ ನೋಡಬೇಕು. ಈ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮೊದಲೇ ಕಿಡಿ ಹಾರಬೇಕು. ಮಿಶ್ರಣ ಉರಿಯುವುದಕ್ಕೂ ಸ್ವಲ್ಪ ಸಮಯ ಬೇಕಷ್ಟೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಎಂಜಿನ್ 18 ಡಿಗ್ರಿ ತಿರುಗಿಬಿಡುತ್ತದೆ, ಲೆಕ್ಕ ಮಾಡಿ ನೋಡಿ. ವೇಗ ಹೆಚ್ಚಿದಂತೆ ಕಿಡಿಯನ್ನು ಇನ್ನೂ ಮುಂಚಿತಗೊಳಿಸಲು ಡಿಸ್ಟ್ರಿಬ್ಯೂಟರಿನ ಒಳಗೆ ಎರಡು ತೂಕಗಳಿವೆ. ಅವು ತಿರುಗುವ ಭರಕ್ಕೆ ಹೊರಕ್ಕೆ ಸರಿದು ಕ್ಯಾಮನ್ನು ಮುಂದೂಡುತ್ತವೆ.

ಟೈಮಿಂಗ್ ಹೊಂದಿಸಲು ಪ್ಲಗ್ಗುಗಳನ್ನು ಬಿಚ್ಚಿ, ಕಾಯಿಲ್‌ನ ದಪ್ಪ ವಯರಿನ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಭದ್ರವಾಗಿ ಮುಟ್ಟಿಸಿ ಕಟ್ಟಿಡಿ. ಒಂದನೆಯ ಸಿಲಿಂಡರಿನ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿದರೆ ಗಾಳಿ ಬೆರಳನ್ನು ನೂಕುವ ಹೊತ್ತು ತಿಳಿಯುತ್ತದೆ. ಆಗ ಪುಲ್ಲಿಯ ಮೇಲೆ ಅಥವಾ ಫ್ಲೈವೀಲಿನ ಮೇಲೆ ಇರುವ 5 ಡಿಗ್ರಿಯ ಗುರುತು ಸೂಚಿಗೆ ಎದುರಾಗುವಂತೆ ನಿಲ್ಲಿಸಿ. ಟೆಸ್ಟ್ ಲ್ಯಾಂಪಿನ ಒಂದು ತುದಿ ಡಿಸ್ಟ್ರಿಬ್ಯೂಟರಿನ ತಿರುಪಿಗೆ, ಇನ್ನೊಂದು ಲೋಹಕ್ಕೆ, ಕೀಲಿ ಆನ್. ಡಿಸ್ಟ್ರಿಬ್ಯೂಟರಿನ ಹಿಡಿಕೆಯ ತಿರುಪು ಸಡಿಲಿಸಿ, ಬಲ್ಬು ಆರುವ ತನಕ ಅದರ ಮೈಯನ್ನು ರೋಟರ್ ತಿರುಗುವ ದಿಕ್ಕಿಗೆ ತಿರುಗಿಸಿ, ಆಮೇಲೆ ಎದುರು ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ ಬನ್ನಿ. ಬಲ್ಬು ಹೊತ್ತಿದ ಕ್ಷಣದಲ್ಲಿಯೇ ನಿಲ್ಲಿಸಿ ಬಿಗಿಯಿರಿ. ಈ ಎಂಜಿನ್ನಿನಲ್ಲಿ ಮೇಲಿನಿಂದ ನೋಡಿದರೆ ರೋಟರ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ; ಪ್ಲಗ್ಗಿನ ವಯರುಗಳನ್ನು ಮರುಜೋಡಿಸುವಾಗ 1, 3, 4, 2ರ ಸರದಿಯನ್ನೂ ಆ ದಿಕ್ಕಿಗೇ ಎಣಿಸಬೇಕು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಆಟಿ ತಿಂಗಳಲ್ಲಿ ಗಾಡಿ ಹೊರಡದಿದ್ದರೆ ಮೊದಲು ಮುಚ್ಚಳ ತೆಗೆದು ಒಳಗೂ ಹೊರಗೂ ಒಣಬಟ್ಟೆಯಿಂದ ಒರೆಸಿ. ಹತ್ತರಲ್ಲಿ ಐದು ಸಲ ಅಷ್ಟರಲ್ಲಿಯೇ ಕೆಲಸವಾದೀತು. ಆಗದಿದ್ದರೆ ಮುಚ್ಚಳದ ಒಳಮೈಯನ್ನು ಬಿಸಿಲಿಗೆ ಹಿಡಿದು ನೋಡಿ. ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಕಂಡರೆ ಕಿಡಿಯು ಆ ಗೆರೆಯ ಮೇಲೆ ಕಳ್ಳದಾರಿ ಮಾಡಿಕೊಂಡಿದೆ, ಮುಚ್ಚಳವನ್ನೇ ಬದಲಿಸಬೇಕು. ರಾತ್ರಿ ಕತ್ತಲೆಯಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಹಳೆಯ ವಯರುಗಳಿಂದ ನೀಲಿ ಬೆಳಕು ಸೋರುವುದು ಕಣ್ಣಿಗೇ ಕಾಣುತ್ತದೆ. ಫ್ಯಾನಿನಿಂದ ದೂರ ನಿಂತು ನೋಡಿ. ಈ ಕಿಡಿಯ ಶಾಕಿಗೆ ಬೆಚ್ಚಿ ಫ್ಯಾನಿಗೆ ಕೈ ಕೊಡುವ ಅಪಾಯ ದೊಡ್ಡದು. ಹೃದಯದ ಕಾಯಿಲೆಯವರು ಈ ಕೆಲಸಕ್ಕೆ ಕೈ ಹಾಕಲೇಬಾರದು.

ಬೆಳಿಗ್ಗೆ ಚೆನ್ನಾಗಿ ಹೊರಟು, ಒಂದು ಗಂಟೆ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಹೊರಡುವ ಗಾಡಿಗಳಿವೆ. ಇದು ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುವ ಲಕ್ಷಣ. ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾದರೂ ಹೀಗೆಯೇ ಆಗುತ್ತದೆ. ಯಾವುದೆಂದು ತಿಳಿಯಲು ನಿಂತ ಆ ಗಳಿಗೆಯಲ್ಲಿಯೇ ಕಿಡಿ ನೋಡಬೇಕು. ಗ್ಯಾರೇಜು ಮುಟ್ಟಿ ಚಹಾ ಕುಡಿದಾದ ಮೇಲೆ ನೋಡಿದರೆ ರೋಗವೇ ಇರುವುದಿಲ್ಲ.

ಕೀಲಿಯ ಸ್ವಿಚ್ಚು ಹಳತಾದರೆ ಒಳಗಿನ ತಾಮ್ರದ ತಟ್ಟೆ ಸವೆದು, ಕೀಲಿ ತುಸು ಅಲುಗಿದರೂ ಎಂಜಿನ್ ನಿಲ್ಲುತ್ತದೆ. ಇದನ್ನು ಖಚಿತಪಡಿಸಲು ಬ್ಯಾಟರಿಯಿಂದ ಕಾಯಿಲ್‌ನ ಬ್ಯಾಟರಿ ಬದಿಯ ತಿರುಪಿಗೆ ನೇರವಾಗಿ ಒಂದು ವಯರು ಕೊಟ್ಟು ನೋಡಬಹುದು. ಗಾಡಿ ಹೊರಟಿತೋ, ತಪ್ಪು ಸ್ವಿಚ್ಚಿನದ್ದು ಅಥವಾ ಅದರ ವಯರಿನದ್ದು. ಆ ವಯರನ್ನು ಕೂಡಲೇ ತೆಗೆಯಬೇಕು, ಇಲ್ಲವಾದರೆ ಎಂಜಿನ್ ಕೀಲಿಗೆ ನಿಲ್ಲುವುದಿಲ್ಲ. ಗಾಡಿ ನಿಂತಿರುವಾಗ ಪಾಯಿಂಟು ಮುಟ್ಟಿಕೊಂಡಿದ್ದು ಕೀಲಿ ಆನ್ ಇದ್ದರೆ 12 ವೋಲ್ಟು, 4 ಆಂಪಿಯರ್, ಎಂದರೆ 48 ವಾಟು ಬಿಸಿ ಕಾಯಿಲ್ ಮತ್ತು ಅದರ ವಯರುಗಳಲ್ಲಿ ಹುಟ್ಟುತ್ತದೆ. ಅರ್ಧ ಗಂಟೆ ಸಾಕು ಅದನ್ನು ಬೇಯಿಸುವುದಕ್ಕೆ. ಹಾಡು ಕೇಳಲೆಂದು ಕೀಲಿ ತಿರುಗಿಸಿಟ್ಟು ಕೂರುವ ಮಕ್ಕಳು ಇದನ್ನು ಗಮನಿಸಬೇಕು.

ಅಮೆರಿಕದ ಕಾರುಗಳಲ್ಲಿ 1970ರ ದಶಕದ ನಡುವಿನಲ್ಲಿಯೇ ಪಾಯಿಂಟಿನ ಜಾಗಕ್ಕೆ ಟ್ರಾನ್ಸಿಸ್ಟರು ಬಂತು. ಕ್ರಮೇಣ ನಮ್ಮಲ್ಲಿಯೂ ಬಂತು. ಆದರೆ ಕಾಯಿಲ್ ಹೋಗಲಿಲ್ಲ. ನಿಮ್ಮ ಅಣ್ಣನ ಹೊಸ ಮೋಟಾರ್ ಸೈಕಲ್ಲಿನಲ್ಲಿಯೂ ಅದು ಇದೆ. ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಹೋಗುವ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಅಲ್ಲಿನ ಶಬ್ದಗಳ ಭಯವಿರುವುದನ್ನು ಕಂಡಿದ್ದೇನೆ. ಭಯಕ್ಕೆ ಕಾರಣವಿಲ್ಲ. ಕಾಯಿಲ್ ಎಂದರೆ ನೀವು ಓದಿದ ಪ್ರೇರಣಾ ಸುರುಳಿ, ಕಂಡೆನ್ಸರ್ ಎಂದರೆ ಧಾರಕ, ‘ಅರ್ತ್’ ಎಂದರೆ ಮಂಡಲ ಪೂರ್ಣಗೊಳ್ಳಲು ವಿದ್ಯುತ್ತು ಹಿಂದಿರುಗುವ ದಾರಿ. ಇನ್ನು ‘ಸ್ಪಾರ್ಕ್ ಇಲ್ಲ’ ಎಂಬ ಮಾತಾದರೋ ಕನ್ನಡಕ್ಕೂ ಮಲೆಯಾಳಕ್ಕೂ ಒಂದೇ; ತುಳುವಿನಲ್ಲಿ ಮಾತ್ರ ‘ಇಜ್ಜಿ’.

ಗುಜರಿ ಅಂಗಡಿಯಲ್ಲಿ ಹಳೆಯ ಡಿಸ್ಟ್ರಿಬ್ಯೂಟರ್ ಸಿಕ್ಕಿದರೆ ಬಿಡಬೇಡಿ. ಮೂರು ಟಾರ್ಚ್ ಸೆಲ್ಲು, ಒಂದು ಟಾರ್ಚ್ ಬಲ್ಬು, ಎರಡು ತುಂಡು ವಯರು ಇದ್ದರೆ ಪಾಯಿಂಟನ್ನು ಆ ಮಂಡಲದೊಳಗೆ ಸೇರಿಸಿ. ಕಾಯಿಲ್ ಇಲ್ಲದುದರಿಂದ ಶಾಕಿನ ಭಯವಿಲ್ಲ. ದಂಡವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ. ಬಲ್ಬು ನಾಲ್ಕು ಸಲ ಆರಿ ನಾಲ್ಕು ಸಲ ಹೊತ್ತುತ್ತದೆ. ಗಾಡಿಯಲ್ಲಿದ್ದರೆ ಕಿಡಿ ಹಾರುತ್ತಿದ್ದುದು ಬಲ್ಬು ಆರಿದ ಆ ನಾಲ್ಕು ಸಲ.